ಮಾಮಾನ ಕಾಲು ನೆಲವೋ ಅಲ್ಲವೋ

ಇಂಡಿಯಿಂದ ಹೊರಟ ಮೋಟಾರು ಸಿಂದಗಿ ಮುಟ್ಟುವ ಮೊದಲೇ ಕೆಟ್ಟು ನಿಲ್ಲಬಹುದಿತ್ತು. ಸಿಂದಗಿಯಲ್ಲಿ ನಾವು ಚಹಾ ಕುಡಿಯುವಷ್ಟರಲ್ಲಿ ಬಾಗೇವಾಡಿಯ ಮೋಟಾರು ಹೋಗಿಬಿಡಬಹುದಿತ್ತು. ಮುದ್ದೇಬಿಹಾಳದಲ್ಲಿ ಇಳಿದಾಗ ಬೀಗರ ಚಕ್ಕಡಿ ಬಾರದೆ ಇರಬಹುದಿತ್ತು. ಗುಡ್ಡದಲ್ಲಿ ಕಲ್ಲು ಎತ್ತಿದಲ್ಲಿ ಚೇಳು, ಎತ್ತದಿದ್ದಲ್ಲಿ ಹಾವು ಇರಬಹುದಿತ್ತು. ಲೋಬಾನದ ಹೊಗೆಗೆ ಹೆಜ್ಜೇನು ಏಳಬಹುದಿತ್ತು. ಮಂಗ ತೆಂಗಿನಕಾಯಿ ಬಿಟ್ಟು ಕೂಸಿಗೇ ಕೈಹಾಕಬಹುದಿತ್ತು. ಕ್ಷೌರದ ಕತ್ತಿಗೆ ತುಕ್ಕು ಹಿಡಿದಿದ್ದು ಧನುರ್ವಾಯು ಆಗಬಹುದಿತ್ತು. ಅರ್ಧ ಗುಡ್ಡದಲ್ಲಿ ನನ್ನ ಎದೆ ನಿಂತುಹೋಗಿ, ನಾನು ಕೂಸಿನ ಮೇಲೆ ಬೀಳುವುದೋ ಕೂಸು ನನ್ನ ಮೇಲೆ ಬೀಳುವುದೋ ಎಂಬ ಪ್ರಶ್ನೆ ಹುಟ್ಟಬಹುದಿತ್ತು. ಇವೆಲ್ಲಕ್ಕಿಂತ ಘೋರವಾದದ್ದು ಇನ್ನೊಂದಿತ್ತು: ಹುಡುಗನ ಕಾಲು ನೆಲಕ್ಕೆ ಹತ್ತಿಬಿಡಬಹುದಿತ್ತು.

ನೀವು ನಗುತ್ತೀರಿ, ಗೊತ್ತು. ಕಾಲು ಇರುವುದೇ ನೆಲಕ್ಕೆ ಹತ್ತುವುದಕ್ಕಲ್ಲವೇ ಅನ್ನುತ್ತೀರಿ. ನಾನೂ ಹಾಗೇ ತಿಳಿದಿದ್ದೆ.

ನಾನು ಇಂಡಿಯ ಒಂದು ದವಾಖಾನೆಯಲ್ಲಿ ಕಂಪೌಂಡರ್. ಮಂದಿಯ ರೋಗಗಳಿಗೆಲ್ಲ ದಿನವೂ ಔಷಧ ಬೆರೆಸಿ ಕೊಡುವವನಿಗೆ ಆ ರೋಗಗಳು ತನಗೂ ಬರಬಹುದೆಂಬ ಭಯ ಇರುವುದು ಸಹಜ. ನನ್ನ ಹೆಂಡತಿ ಇದಕ್ಕೆ ಸಹಜ ಅನ್ನುವುದಿಲ್ಲ, ಚಟ ಅನ್ನುತ್ತಾಳೆ. ಮೊನ್ನೆ ಮೇಲಿನ ಹಲಗೆಯಿಂದ ಕೆಮ್ಮಿನ ಔಷಧದ ಬಾಟಲಿ ತೆಗೆಯಲು ಕೈ ಎತ್ತಿದರೆ ಎಡಭುಜ ಚಳಕ್ಕೆಂದಿತು. ಎದೆಬೇನೆಯ ಮುನ್ಸೂಚನೆಯೇ ಇರಬೇಕೆಂದು ಸ್ಟೂಲಿನ ಮೇಲೆ ಕೂತು ನಾಡಿ ಹಿಡಿದುಕೊಂಡೆ. ನಾಡಿ ನೆಟ್ಟಗೆ ಓಡುತ್ತಿತ್ತು. ಆಮೇಲೆ ನೆನಪಾಯಿತು. ಇದು ಎದೆಯ ನೋವಲ್ಲ, ಮಲ್ಲುವಿನ ನೋವು. ನನ್ನ ತಂಗಿಯ ಮಗ ಮಲ್ಲು ಐದು ವರ್ಷದವನಿದ್ದಾಗ ಆ ಭುಜದ ಮೇಲೆ ಕೂತು ಗುಡ್ಡ ಹತ್ತಿದ ಗುರುತು. ನೋವು ನೆನಪಾದ ಕೂಡಲೇ ಅದರ ಹಿಂದೆಯೇ ಸಿಟ್ಟೂ ಬಂತು. ಎಷ್ಟು ವರ್ಷವಾದರೂ ಆ ಸಿಟ್ಟು ಭರಣಿಯೊಳಗಿನ ಉಪ್ಪಿನಕಾಯಿಯ ಹಾಗೆ ಕೆಡದೆ ಕೂತಿದೆ.

ನನ್ನ ಸಿಟ್ಟಿನದೊಂದು ತೊಂದರೆಯಿದೆ. ಬೇರೆಯವರಿಗೆ ಅದು ಮೂಗಿನ ತುದಿಗೆ ಬಂದರೆ ನನಗೆ ಹೊಟ್ಟೆಯಲ್ಲಿ ಬರುತ್ತದೆ. ಅಲ್ಲಿಂದ ಮೇಲೆ ಏರುವುದಿಲ್ಲ. ಎದುರಿನವನು ಅಂದದ್ದಕ್ಕೆ ತಕ್ಕ ಉತ್ತರ ಹೊಳೆಯುವುದು ಮರಳಿ ಮೋಟಾರಿನಲ್ಲಿ ಕೂತ ಮೇಲೆ. ಹಾಗಾಗಿ ನನ್ನ ಬಾಳಿನ ಅತಿ ಖಾರವಾದ ಮಾತುಗಳನ್ನು ಕೇಳಿಸಿಕೊಂಡಿರುವುದು ಬಾಗೇವಾಡಿಗೂ ಸಿಂದಗಿಗೂ ನಡುವಿನ ಜಾಲಿಗಿಡಗಳು.

ಆ ಮಾತುಗಳೆಲ್ಲ ಒಬ್ಬರಿಗೆ ಸಲ್ಲಬೇಕಾದವು: ಸಂಗಪ್ಪನವರಿಗೆ. ನನ್ನ ತಂಗಿ ಶಾಂತಾಳ ಮಾವ. ಅವಳನ್ನು ತಂಗಡಗಿ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದೇವೆ. ಹೊಲಮನೆ ಚೆನ್ನಾಗಿದೆ. ಗಂಡ ಈರಣ್ಣನೂ ಒಳ್ಳೆಯವನೇ. ಅವನಿಗೆ ಬರುವ ಮಾತು ಒಂದೇ, 'ಹೂಂ' ಎಂಬುದು. ಅಪ್ಪ ಹಗಲನ್ನು ರಾತ್ರಿ ಅಂದರೂ ಹೂಂ. ಮನೆಯ ಉಳಿದ ಮಾತನ್ನೆಲ್ಲ ಸಂಗಪ್ಪನವರೇ ಆಡುತ್ತಾರೆ. ಮದುವೆಯ ಊಟದಲ್ಲಿ ನಮ್ಮ ಕಡೆಯ ಸಾರಿಗೆ ಉಪ್ಪು ತುಸು ಮುಂದಾಗಿತ್ತು. ಅವತ್ತು ಎಲೆಯ ಮುಂದೆ ಕೂತು ಅವರು ಒಂದು ಮಾತು ಹೇಳಿದರು: "ಇಂಡಿ ಮಂದಿ ಹಂಗ." ಆಮೇಲೆ ಅವರ ಮನೆಯಲ್ಲಿ ಹಾಲು ಉಕ್ಕಿದರೂ, ರೊಟ್ಟಿ ಸೀದರೂ, ಎಮ್ಮೆ ಒದ್ದರೂ "ಇಂಡಿ ಮಂದಿ ಹಂಗ" ಎಂಬುದೇ ತೀರ್ಪು. ಶಾಂತಾಳಿಗೆ ಆ ಮನೆಯಲ್ಲಿ ಹೆಸರೂ ಉಳಿಯಲಿಲ್ಲ. "ಏ ಇಂಡ್ಯಾಕಿ, ನೀರ ತಾ" ಅನ್ನುತ್ತಿದ್ದರು. ಇಲ್ಲಿ ಇಂಡಿಯಲ್ಲಿ ನಾನು ಒಂದು ತಪ್ಪು ಮಾಡಿದರೆ ಅಲ್ಲಿ ಅವಳು ವರ್ಷಗಟ್ಟಲೆ ಕೇಳಬೇಕು. ಹೀಗಿರುವಾಗ ಮನುಷ್ಯ ಚಿಂತೆ ಮಾಡದೆ ಇನ್ನೇನು ಮಾಡಬೇಕು, ನೀವೇ ಹೇಳಿ.

ಇನ್ನು ಜಾವಳದ ವಿಷಯ. ಮಗುವಿನ ಹುಟ್ಟುಗೂದಲನ್ನು ಮನೆದೇವರ ಮುಂದೆ ಮೊದಲ ಸಲ ತೆಗೆಸುವುದು ಜಾವಳ. ಕೂಸನ್ನು ತೊಡೆಯ ಮೇಲೆ ಕೂಡಿಸಿಕೊಳ್ಳುವ ಮಾನ ಸೋದರಮಾವನದು. ಅಷ್ಟೇ ಆಗಿದ್ದರೆ ನಾನೂ ಸಂತೋಷದಿಂದ ಕೂಡುತ್ತಿದ್ದೆ. ಆದರೆ ಸಂಗಪ್ಪನವರ ಮನೆದೇವರು ಗುಡ್ಡದವ್ವ. ಅವಳು ಗುಡ್ಡದ ನೆತ್ತಿಯ ಮೇಲೆ ಕೂತಿದ್ದಾಳೆ. ಅವರ ಮನೆತನದ ಪದ್ಧತಿ ಎಂದರೆ ಕೂಸನ್ನು ಸೋದರಮಾವನೇ ಗುಡ್ಡದ ಬುಡದಿಂದ ಗುಡಿಯ ತನಕ ಹೊತ್ತು ತರಬೇಕು. ನಡುವೆ ಕೂಸಿನ ಕಾಲು ನೆಲ ಮುಟ್ಟಕೂಡದು. ಮುಟ್ಟಿದರೆ ಅವತ್ತಿನ ಜಾವಳ ಇಲ್ಲ.

ಹುಟ್ಟಿದ ಮೊದಲ ವರ್ಷದಲ್ಲಿ ತೆಗೆಸಿದ್ದರೆ ಯಾವ ಮಾತೂ ಇರಲಿಲ್ಲ. ಹೂವಿನ ಬುಟ್ಟಿಯ ಹಾಗೆ ಎತ್ತಿಕೊಂಡು ಹೋಗುತ್ತಿದ್ದೆ. ಆ ವರ್ಷ ಸಂಗಪ್ಪನವರಿಗೆ ಮಂಡಿ ನೋವು. ಮೂರನೆಯ ವರ್ಷ ಅವರ ದಾಯಾದಿಯೊಬ್ಬರು ತೀರಿಕೊಂಡು ಸೂತಕ. ಸರಿಸಂಖ್ಯೆಯ ವರ್ಷ ಆಗದು. ಅಂತೂ ಐದಕ್ಕೆ ಬಂದು ನಿಂತಿತು. ಅಷ್ಟರಲ್ಲಿ ಮಲ್ಲು ಕೃಷ್ಣೆಯ ದಂಡೆಯ ಹಾಲು ಬೆಣ್ಣೆ ತಿಂದು ಹೋರಿಗರುವಿನ ಹಾಗೆ ಆಗಿದ್ದ. ಕೈಗೂಸಿಗೆಂದು ಮಾಡಿದ ಪದ್ಧತಿಯನ್ನು ಹೋರಿಗರುವಿಗೆ ಹಚ್ಚಿದರೆ ಹೊರುವವನ ಗತಿ ಏನು ಎಂದು ಯಾವ ಹಿರಿಯರೂ ಕೇಳಲಿಲ್ಲ. ಹಿರಿಯರು ಹೊರುವುದಿಲ್ಲವಲ್ಲ!

ಗುಡ್ಡ ಅಂದರೇನೆಂದು ಇಂಡಿಯವನಾದ ನನಗೆ ಸರಿಯಾಗಿ ಗೊತ್ತೂ ಇರಲಿಲ್ಲ. ನಮ್ಮದು ಎರೆಭೂಮಿ, ನಿಂತಲ್ಲಿಂದ ಹೊರ್ತಿಯ ತನಕ ಕಣ್ಣಿಗೆ ಅಡ್ಡವಿಲ್ಲ. ಚಿಕ್ಕವರಿದ್ದಾಗ ನಾವು ಹತ್ತುತ್ತಿದ್ದ ಗುಡ್ಡವೆಂದರೆ ಕಣಕಿಯ, ಅಂದರೆ ಜೋಳದ ದಂಟಿನ, ಬಣಿವೆ. ನಾವು ಎಂದೆ, ತಪ್ಪು. ಹತ್ತುತ್ತಿದ್ದವರು ಉಳಿದ ಹುಡುಗರು. ನಾನು ಕೆಳಗೆ ನಿಂತು "ಬೀಳ್ತೀರಿ, ಬೀಳ್ತೀರಿ" ಎಂದು ಒದರುತ್ತಿದ್ದೆ. ಒಮ್ಮೆ ಬಿದ್ದವನೊಬ್ಬ ನೇರ ನನ್ನ ಮೇಲೆಯೇ ಬಿದ್ದ.

ಇರಲಿ. ಮಗನೊಂದಿಗೆ ತವರಿಗೆ ಬಂದಿದ್ದ ಶಾಂತಾಳನ್ನು ನಾನೇ ಕರೆದುಕೊಂಡು ಹೊರಟೆ. ಚೀಲದಲ್ಲಿ ಟಿಂಚರ್, ಹತ್ತಿ, ಬ್ಯಾಂಡೇಜು, ಜ್ವರದ ಗುಳಿಗೆ, ಚೇಳಿನ ಔಷಧ. ಕಾಲಲ್ಲಿ ಚಡಚಣದ ಪೇಟೆಯಲ್ಲಿ ಕೊಂಡ ಹೊಸ ಕೊಲ್ಹಾಪುರಿ ಚಪ್ಪಲಿ. ಬೀಗರ ಮುಂದೆ ಹಳೆಯದು ಮೆಟ್ಟಿಕೊಂಡು ಹೋದರೆ ಅದಕ್ಕೂ ಒಂದು ಮಾತು ಬರುತ್ತದಲ್ಲ. ಇಂಥ ಚಪ್ಪಲಿಯ ಅಟ್ಟೆಯ ಪದರಿನಲ್ಲಿ ಅದೇನೋ ಬೀಜ ಇಟ್ಟಿರುತ್ತಾರಂತೆ. ಹೆಜ್ಜೆ ಇಟ್ಟಾಗಲೆಲ್ಲ ಕರ್ರ್ ಕರ್ರ್ ಅನ್ನುತ್ತದೆ. "ಛಲೋ ಆತು ಬಿಡ್ರಿ, ಇನ್ನ ನೀವು ಬರೂದು ಇಡೀ ಓಣಿಗೆ ಗೊತ್ತಾಗ್ತೈತಿ" ಎಂದು ಹೆಂಡತಿ ಬಾಗಿಲಲ್ಲಿ ನಿಂತು ನಕ್ಕಳು.

ಮಲ್ಲುವಿನ ಕೂದಲಿಗೆ ಶಾಂತಾ ಜಡೆ ಹೆಣೆದು ಕೆಂಪು ರಿಬ್ಬನ್ ಕಟ್ಟಿದ್ದಳು. ಜಾವಳ ಆಗದ ಕೂದಲಿಗೆ ಕತ್ತರಿ ಮುಟ್ಟಿಸುವಂತಿಲ್ಲವಾದ್ದರಿಂದ ಹೆಣೆಯದೆ ಗತಿಯಿಲ್ಲ. ಮೋಟಾರಿನಲ್ಲಿ ಪಕ್ಕದ ಮುದುಕಿ ಅವನ ಗಲ್ಲ ಹಿಡಿದು, "ಏನ್ ಚಂದ ಅದಾಳವ್ವ ಹುಡುಗಿ! ಹೆಸರೇನ ನಿಂದು?" ಅಂದಳು. ಮಲ್ಲು ಸೀಟಿನ ಮೇಲೆ ಎದ್ದು ನಿಂತು, "ನಾ ಗಂಡಸು!" ಎಂದು ಗುಡುಗಿದ. ಇಡೀ ಮೋಟಾರು ನಕ್ಕಿತು. ಸಿಂದಗಿ ಬರುವ ತನಕ ಅವನು ಜಡೆಯನ್ನು ಅಂಗಿಯೊಳಗೆ ತುರುಕಿಕೊಂಡು ಕೂತ. ಆಮೇಲೆ ನನ್ನ ಕಿವಿಯಲ್ಲಿ, "ಮಾಮಾ, ನಾಳಿ ಇದು ಖರೇನ ಹೋಗ್ತೈತಲ್ಲ?" ಎಂದು ಜಡೆ ಹಿಡಿದು ತೋರಿಸಿದ. "ಸಾಲಿಗೆ ಹಚ್ಚತಾರಂತ ನನ್ನ. ಜಡಿ ಇದ್ರ ಎಲ್ಲಾರೂ ನಗ್ತಾರ."

"ಹೋಗ್ತೈತಪಾ" ಅಂದೆ.

ಮರುದಿನ ಬೆಳಿಗ್ಗೆ ಗುಡ್ಡದ ಬುಡದಲ್ಲಿ ಚಕ್ಕಡಿ ಬಿಟ್ಟೆವು. ಬೇವಿನ ಗಿಡದ ಕೆಳಗೆ ಎಲ್ಲರೂ ಚಪ್ಪಲಿ ಬಿಟ್ಟರು, ನಾನೂ ಬಿಟ್ಟೆ. ತಲೆ ಎತ್ತಿ ನೋಡಿದರೆ ಬರೀ ಬಂಡೆ. ಬಂಡೆಗಳ ಮೇಲೆ ಬಂಡೆ, ಅದರ ತುದಿಗೆ ಸುಣ್ಣ ಬಳಿದ ಗುಡಿ, ಗುಬ್ಬಿಯಷ್ಟು. ಶಾಂತಾ ಪೂಜೆಯ ತಾಟು ಹಿಡಿದು ನನ್ನ ಹತ್ತಿರ ಬಂದು, ಸೆರಗು ಬಾಯಿಗೆ ಅಡ್ಡ ಹಿಡಿದು ಮೆಲ್ಲಗೆ ಅಂದಳು:

"ಅಣ್ಣಾ, ಇವತ್ತೊಂದ ದಿನ ಏನೂ ತಪ್ಪಬಾರದು ನೋಡು. ಇವತ್ತ ಆಗಲಿಲ್ಲಂದ್ರ ಇನ್ನ ಎರಡ ವರ್ಷ ನನ್ನ ತಲಿ ಮ್ಯಾಲ ಮೆಣಸಿನಕಾಯಿ ಅರೀತಾರ. ನನಗಿನ್ನ ಕೇಳಾಕ ಆಗೂದಿಲ್ಲ."

ಅವಳ ಮುಖ ನೋಡಿದೆ. ಮದುವೆಯಲ್ಲಿ ದುಂಡಗಿದ್ದ ಮುಖ. ಈಗ ಗಲ್ಲದ ಎಲುಬು ಕಾಣುತ್ತಿತ್ತು. ಮಲ್ಲುವನ್ನು ಎತ್ತಿ ಭುಜದ ಮೇಲೆ ಕೂಡಿಸಿಕೊಂಡೆ.

ಮುಂದೆ ಸಂಗಪ್ಪನವರು. ಮಂಡಿ ನೋವು ಎಲ್ಲಿ ಹೋಗಿತ್ತೋ! ಬಿಚ್ಚಿದ ಕೊಡೆ ಹಿಡಿದು ಬಂಡೆಯಿಂದ ಬಂಡೆಗೆ ಹೋತಿನ ಹಾಗೆ ಹಾರುತ್ತಿದ್ದರು. ನಡುನಡುವೆ ತಿರುಗಿ ನಿಂತು, "ಹುಷಾರ್ರೀ ಬೀಗರ! ಕಾಲ್ ಜೋತ ಬಿದ್ದಾವ ನೋಡ್ರಿ, ಮ್ಯಾಲ ತಗೋರಿ! ಇಂಡ್ಯಾಗ ಗುಡ್ಡಿಲ್ಲ ಗಿಡ್ಡಿಲ್ಲ, ನಿಮಗ ರೂಢಿ ಎಲ್ಲಿಂದ ಬರಬೇಕು!" ಅನ್ನುವರು. ಅವರ ಹಿಂದಿದ್ದ ಭಾವಬಂದ ದಾಯಾದಿಗಳು ನಗುವರು. ನಾನೂ ನಗುವೆ. ಈ ನಗುವಿದೆಯಲ್ಲ, ಅದನ್ನು ನೆನೆದರೆ ಸಂಗಪ್ಪನವರಿಗಿಂತ ನನ್ನ ಮೇಲೆಯೇ ಹೆಚ್ಚು ಸಿಟ್ಟು ಬರುತ್ತದೆ. ತನ್ನನ್ನು ಹೀಯಾಳಿಸಿದ ಮಾತಿಗೆ ಹಲ್ಲು ಕಿರಿದು ಸಾಥ್ ಕೊಡುವ ಪ್ರಾಣಿ ಮನುಷ್ಯನೊಬ್ಬನೇ.

ತುಸು ದೂರ ಹೋದ ಮೇಲೆ ಅವರೆಲ್ಲ ಬಂಡೆಯ ತಿರುವಿನಲ್ಲಿ ಮರೆಯಾದರು. ನನ್ನ ಹಿಂದೆ ಶಾಂತಾ, ನೀರಿನ ಕೊಡ ಹೊತ್ತ ಈರಣ್ಣ, ಅಷ್ಟೇ.

"ಮಾಮಾ, ನಾ ನಡೀತೇನಿ."

"ನಡಿಯಾಂಗಿಲ್ಲಪಾ. ನಿಮ್ಮ ಮುತ್ಯಾ ಬೈತಾನ."

"ಮುತ್ಯಾ ತಾ ನಡಿಯಾಕತ್ತಾನಲ್ಲ?"

ಅಜ್ಜನ ಮೇಲೆ ಮೊಮ್ಮಗ ಹಾಕಿದ ಪ್ರಶ್ನೆಯನ್ನು ಅಲ್ಲೇ ಬಿಟ್ಟು ಮುಂದಿನ ಬಂಡೆ ಹತ್ತಿದೆ.

"ನಾ ಭಾರ ಆಗೇನೇನು?"

"ಇಲ್ಲೋ."

"ಮತ್ಯಾಕ ಎತ್ತಿನಂಗ ಉಸರ ಬಿಡಾಕತ್ತಿ?"

ಹುಡುಗ ಸುಮ್ಮನಿದ್ದರೆ ಸಾಕೆಂದು ಬೇಡಿಕೊಳ್ಳುತ್ತ ಹತ್ತಿದೆ. ದಾರಿಯಲ್ಲೊಂದು ಮಂಗ ಕೂತು ನಮ್ಮನ್ನು ಬಹಳ ಹೊತ್ತು ದಿಟ್ಟಿಸಿತು. ಹೊತ್ತುಕೊಂಡಿರುವವನು ತನ್ನ ಕುಲದವನೇ ಎಂದು ನಿಶ್ಚಯಿಸಿಕೊಂಡು ದಾರಿ ಬಿಟ್ಟಿತು. ಆಗ ಮೇಲಿನಿಂದ ಮಲ್ಲುವಿನ ದನಿ ಬಂತು:

"ಮಾಮಾ, ಒಂದಕ್ಕ ಬಂದೈತಿ."

ಎಷ್ಟೆಲ್ಲ ಅನಾಹುತಗಳನ್ನು ಮೊದಲೇ ಯೋಚಿಸಿಟ್ಟಿದ್ದೆ! ಇದು ಹೊಳೆದಿರಲಿಲ್ಲ. ಕಾಲು ನೆಲಕ್ಕೆ ಹಚ್ಚದೆ ಹುಡುಗ ಒಂದಕ್ಕೆ ಹೋಗುವುದು ಹೇಗೆ? ಪದ್ಧತಿ ಮಾಡಿದ ಹಿರಿಯರು ಈ ಬಗ್ಗೆ ಏನೂ ಹೇಳಿಲ್ಲ. ಕಂಕುಳಲ್ಲಿ ಕೈಹಾಕಿ ಅವನನ್ನು ಬಂಡೆಯ ಅಂಚಿನಿಂದ ಆಚೆಗೆ ತೂಗಿ ಹಿಡಿದೆ. ಗಾಳಿ ಕೃಷ್ಣೆಯ ಕಡೆಯಿಂದ ನಮ್ಮತ್ತ ಬೀಸುತ್ತಿತ್ತು. ಮುಂದಿನದನ್ನು ನನ್ನ ಧೋತರಕ್ಕೆ ಬಿಟ್ಟುಬಿಡೋಣ.

ಕೆಲಸ ಮುಗಿಯುವ ಹೊತ್ತಿಗೆ ನನ್ನ ತೋಳು ಸೋತವು. ಮತ್ತೆ ಭುಜಕ್ಕೇರಿಸಲು ಆಗಲಿಲ್ಲ. ಹುಡುಗ ಜಾರುತ್ತ ಜಾರುತ್ತ ಇಳಿದ. ನಾನು ಕಣ್ಣು ಮುಚ್ಚಿದೆ. ಕಣ್ಣು ತೆರೆದಾಗ ಅವನ ಎರಡು ಪುಟ್ಟ ಪಾದ ನನ್ನ ಎರಡು ಪಾದಗಳ ಮೇಲೆ ನಿಂತಿದ್ದವು.

ಮಲ್ಲು ಬಗ್ಗಿ ನೋಡಿದ. "ಮಾಮಾ, ಇದು ನೆಲಾ ಅಲ್ಲ."

"ಅಲ್ಲ."

"ನಿನ್ನ ಕಾಲು."

"ಹೌದು."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವನ ಎರಡೂ ಕೈ ಮೇಲೆತ್ತಿ ಹಿಡಿದೆ. ಬಲಗಾಲು ಎತ್ತಿದೆ, ಅವನದೂ ಎದ್ದಿತು. ಎಡಗಾಲು ಎತ್ತಿದೆ, ಅದೂ ಎದ್ದಿತು. ಹೀಗೆ ನಾಲ್ಕು ಕಾಲಿನ ಒಂದು ಜೀವ ಗುಡ್ಡ ಹತ್ತತೊಡಗಿತು. ಅವನು ಎತ್ತು ಹೊಡೆಯುವವನ ಹಾಗೆ ಹೋ ಹೋ ಎಂದು ನನ್ನನ್ನು ನಡೆಸಿದ. "ಮಾಮಾ, ನಡಿಯಾಕತ್ತಾಂವ ನಾನೋ ನೀನೋ?" ಎಂದು ಕೇಳಿದ. ತಿರುಗಿ ನೋಡಿದರೆ ಶಾಂತಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಗಂಡನ ಊರಿನ ಸೀಮೆಯಲ್ಲಿ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಷ್ಟು ಹೊತ್ತು, ಅಷ್ಟೇ ಹೊತ್ತು, ಹೊಟ್ಟೆಯ ಸಿಟ್ಟು ಎಲ್ಲೋ ಹೋಗಿತ್ತು.

ಗುಡಿ ಕಾಣಿಸುತ್ತಲೇ ಜಾಣತನ ಮಾಡಿ ಹುಡುಗನನ್ನು ಮತ್ತೆ ಭುಜಕ್ಕೇರಿಸಿಕೊಂಡೆ. ಗುಡಿಯ ಮುಂದಿನ ಹಾಸುಬಂಡೆಯ ಮೇಲೆ ಎಲ್ಲರೂ ಕೂತಿದ್ದರು. ಹಡಪದ ಅಜ್ಜ ಬಟ್ಟಲಲ್ಲಿ ನೀರು ಇಟ್ಟುಕೊಂಡು ಕತ್ತಿ ಮಸೆಯುತ್ತಿದ್ದ. ತುಕ್ಕು ಇರಲಿಲ್ಲ, ನೋಡಿಕೊಂಡೆ. ಗೆದ್ದೆನಲ್ಲ ಎಂದು ಉಸಿರು ಬಿಡುವಷ್ಟರಲ್ಲಿ ಭುಜದ ಮೇಲಿನಿಂದ ಜಯಘೋಷ ಕೇಳಿಸಿತು:

"ಮುತ್ಯಾ! ನಾ ನಡಕೋತ ಬಂದೆ!"

ಕತ್ತಿ ಮಸೆಯುವ ಸದ್ದು ನಿಂತಿತು.

"ಏನಂದಿ?" ಸಂಗಪ್ಪನವರು ಕೊಡೆ ಮಡಚಿದರು.

"ಮಾಮಾನ ಕಾಲ ಮ್ಯಾಲ ನನ್ನ ಕಾಲ ಇಟ್ಟು ನಡದೆ! ಮಂಗ್ಯಾ ಕುಂತಿತ್ತಲ್ಲ, ಅಲ್ಲಿಂದ!"

"ಏನ್ರೀ ಬೀಗರ, ಖರೇ ಏನಿದು?"

"ಅಲ್ರೀ ಬೀಗರ..." ಅಂದೆ. ಮುಂದಿನ ಮಾತು ಸಿಂದಗಿಯ ಮೋಟಾರಿನಲ್ಲಿ ಬರುವುದಿತ್ತು.

"ಹಂಗಾರ ನೆಲಕ್ಕ ಹತ್ತಿದಂಗ ಆತು. ನೆಲದ ಮ್ಯಾಲಿನ ಕಾಲು ನೆಲಾನ. ಪದ್ಧತಿ ಅಂದ್ರ ಪದ್ಧತಿ."

ನ್ಯಾಯಸಭೆ ಕೂಡಿತು. ಒಬ್ಬ ಮುದುಕ, ಕಾಲು ಹೇಗೆ ನೆಲವಾದೀತು ಅಂದ. ಇನ್ನೊಬ್ಬ, ಹಾಗಾದರೆ ನಾಳೆ ಯಾರಾದರೂ ಜಮಖಾನೆ ಹಾಸಿ ನಡೆಸಿಕೊಂಡು ಬಂದರೆ ಏನು ಮಾಡುತ್ತೀರಿ ಅಂದ. ಪೂಜಾರಿ ಆಕಳಿಸಿ, "ಅವ್ವ ಏನೂ ಅನ್ನೂದಿಲ್ರಿ, ಬಿಸಲ ಏರಾಕತ್ತೈತಿ, ಲಗೂ ಮುಗಸ್ರಿ" ಅಂದ. ಸಂಗಪ್ಪನವರು ಯಾರ ಮಾತನ್ನೂ ಕೇಳಲಿಲ್ಲ. "ಮತ್ತ ಕೆಳಗ ಇಳಿದು ಸರಿಯಾಗಿ ಹೊತ್ಕೊಂಡು ಬರ್ರಿ. ಆಗೂದಿಲ್ಲಂದ್ರ ಏಳನೇ ವರ್ಷಕ್ಕ ನೋಡೂಣು. ಏನ ಮಾಡೂದು, ಇಂಡಿ ಮಂದಿ ಹಂಗ."

ಮಲ್ಲು ಎರಡೂ ಕೈಯಲ್ಲಿ ಜಡೆ ಹಿಡಿದುಕೊಂಡ. ತಾನು ಏನು ತಪ್ಪು ಹೇಳಿದೆ ಎಂದು ಅವನಿಗೆ ತಿಳಿಯಲಿಲ್ಲ. ನನ್ನ ಹೊಟ್ಟೆಯಲ್ಲಿ ಕೆಂಡ. ಆದರೆ ಬಾಯಿ ತೆರೆದರೆ ಬರೀ ಗಾಳಿ. ಆಗ ಹಿಂದೆ ತಾಟು ಬಂಡೆಗೆ ಬಡಿದ ಸದ್ದಾಯಿತು.

ಶಾಂತಾ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ಮಾವಾರ, ಒಂದ ಮಾತು. ನಮ್ಮಣ್ಣನ ಕಾಲು ನೆಲಾ ಅಂತ ನೀವ ಅಂದ್ರಿ. ಆಗಲಿ, ನೆಲಾನ ಅನ್ರಿ. ಆ ನೆಲದ ಮ್ಯಾಲ ಬೆಳದಾಕಿ ನಾನು. ನಮ್ಮಪ್ಪ ಹ್ವಾದ ಮ್ಯಾಲ ಆ ಕಾಲ ಮ್ಯಾಲ ನಿಂತ ನಡಿಯಾಕ ಕಲತಾಕಿ. ಅಲ್ಲಿ ನನ್ನ ಮಗ ಕಾಲಿಟ್ರ ಗುಡ್ಡದವ್ವಗ ಏನೂ ಆಗೂದಿಲ್ಲ. ಮತ್ತ ಕೆಳಗಿಂದ ಹೊತ್ತ ತರೂದ ಇದ್ರ ನೀವ ತರ್ರಿ. ಮಂಡಿ ಗಟ್ಟಿ ಅದಾವು, ನಾ ನೋಡೇನಿ."

ಕಣ್ಣು ಕೆಂಪಗಿದ್ದವು. ಇಷ್ಟು ವರ್ಷ ಉಕ್ಕಿದ ಹಾಲು, ಸೀದ ರೊಟ್ಟಿ ಎಲ್ಲ ಅಲ್ಲಿ ಬಂದು ನಿಂತ ಹಾಗಿತ್ತು. "ಇನ್ನೊಂದ ಮಾತು. ನನಗೊಂದ ಹೆಸರೈತಿ. ಶಾಂತವ್ವ ಅಂತ."

ಕೊಡ ಇಳಿಸಿ ನಿಂತಿದ್ದ ಈರಣ್ಣ ಹೆಂಡತಿಯ ಕಡೆ ನೋಡಿ ಅಂದ:

"ಹೂಂ."

ಅಷ್ಟು ದೊಡ್ಡ ಹೂಂ ನಾನು ಬೇರೆಲ್ಲೂ ಕೇಳಿಲ್ಲ.

"ಕೂಡ್ರು ಅಣ್ಣಾ" ಎಂದು ಶಾಂತಾ ಮಗನನ್ನು ನನ್ನ ತೊಡೆಗೆ ಇಳಿಸಿದಳು. ಹಡಪದ ಅಜ್ಜ ಸಂಗಪ್ಪನವರ ಮುಖ ನೋಡಿದ, ಆಮೇಲೆ ಅವಳ ಮುಖ ನೋಡಿದ, ಬಟ್ಟಲಿನ ನೀರು ತೆಗೆದು ಹುಡುಗನ ತಲೆಗೆ ಹಚ್ಚಿದ. ಸಂಗಪ್ಪನವರು ಎದ್ದು, ಕೊಡೆಯನ್ನೂ ಬಿಚ್ಚದೆ, ದಡದಡ ಗುಡ್ಡ ಇಳಿದು ಹೋದರು. ಕತ್ತಿ ಎಲ್ಲಿಯೂ ತಾಗಲಿಲ್ಲ. ರಿಬ್ಬನ್ ಸಮೇತ ಜಡೆ ಬಿತ್ತು. ಅಜ್ಜ ಬೋಳುತಲೆ ಸವರಿ, "ಈಗ ಗಂಡಸಾದ್ಯಪಾ" ಅಂದ. ಮಲ್ಲು ಹಿಗ್ಗಿಹೋದ.

ಇಳಿಯುವಾಗ ಪದ್ಧತಿಯ ಕಾಟ ಇರ‍ಲಿಲ್ಲ, ನಡೆಯಬಹುದಿತ್ತು. ಮುಂಜಾನೆಯಿಂದ ನಡೆಯುತ್ತೇನೆಂದು ಹಟ ಹಿಡಿದಿದ್ದ ಹುಡುಗ ಎರಡು ಬಂಡೆ ಇಳಿದು ಕೈ ಚಾಚಿದ: "ಮಾಮಾ, ಹೊತ್ಕೋ." ನನಗೆ ಮತ್ತೆ ಸಿಟ್ಟು ಬಂತು. ಹೊತ್ತುಕೊಂಡೆ.

ಚೇಳು ಕಚ್ಚಲಿಲ್ಲ, ಜೇನು ಏಳಲಿಲ್ಲ, ಎದೆ ನಿಲ್ಲಲಿಲ್ಲ. ಟಿಂಚರಿನ ಬಾಟಲಿಯ ಬಿರಡೆಯನ್ನೂ ತೆಗೆಯಲಿಲ್ಲ. ಬೇವಿನ ಗಿಡದ ಕೆಳಗೆ ಬಂದು ನೋಡಿದರೆ ನನ್ನ ಹೊಸ ಚಪ್ಪಲಿ ಇರಲಿಲ್ಲ. ಅವುಗಳ ಜಾಗದಲ್ಲಿ ಸಂಗಪ್ಪನವರ ಸವೆದ ಚಪ್ಪಲಿ, ದೋಣಿಯಂಥವು, ಬಾಯಿ ತೆರೆದುಕೊಂಡು ಕೂತಿದ್ದವು. ಸಿಟ್ಟಿನಲ್ಲಿ ಕಣ್ಣು ಕಾಣದೆ ನನ್ನವನ್ನು ಮೆಟ್ಟಿಕೊಂಡು ಹೋಗಿದ್ದರು. ಮರಳಿ ಕೇಳುವ ಧೈರ್ಯ ನನಗೆಲ್ಲಿಯದು! ಅವರವನ್ನೇ ಎಳೆದುಕೊಂಡು ಇಂಡಿಗೆ ಬಂದೆ. ಕೊಡುವುದು ಅವರಿಗೂ ಆಗಲಿಲ್ಲ. ಕೊಟ್ಟರೆ, ಇಂಡಿ ಮಂದಿಯ ಚಪ್ಪಲಿ ಕಾಲಿಗೆ ಹಾಕಿಕೊಂಡೆ ಎಂದು ಒಪ್ಪಿಕೊಂಡಂತೆ. ಆದ್ದರಿಂದ ಅವು ತಮ್ಮವೇ ಅನ್ನುವ ಹಾಗೆ ಹಿಮ್ಮಡಿ ಹೊರಗೆ ಚಾಚಿಕೊಂಡು ದಿನವೂ ಮೆಟ್ಟುತ್ತಿದ್ದರಂತೆ.

ಆ ವರ್ಷ ಪಂಚಮಿಗೆ ಶಾಂತಾ ಬಂದಾಗ ಮುಖ ತುಸು ದುಂಡಗಾಗಿತ್ತು. ಚಪ್ಪಲಿಗಾಗಿ ನಾನು ಗೊಣಗಿದ್ದು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅವನ್ನ ಕೇಳಬ್ಯಾಡೋ ಅಣ್ಣಾ! ಮದಲ ಮಾವಾರು ಯಾವಾಗ ಹಿಂದ ಬಂದ ನಿಂತಿರತಿದ್ರೊ ಗೊತ್ತ ಆಗತಿದ್ದಿಲ್ಲ. ಈಗ ಓಣಿ ತುದ್ಯಾಗ ಕರ್ರ್ ಕರ್ರ್ ಅಂದ್ರ ಸಾಕು, ಇತ್ತ ಮಾತ ಮುಗಿಸಿ ನಾ ಹುಷಾರ ಆಗತೇನಿ. ಅವು ಸವದ್ರ ಅಂಥಾವ ಇನ್ನೊಂದ ಜೋಡ ತಂದ ಗಿಡದ ಬುಡಕ ಇಟ್ಟಬಿಡು."

ಚಿಂತೆಯ ಮನುಷ್ಯ ನಾನು. ಸವೆಯುವ ತನಕ ಕಾಯುವುದು ಆಗಲಿಲ್ಲ. ಮುಂದಿನ ಸಂತೆಗೇ ಚಡಚಣಕ್ಕೆ ಹೋದೆ. ಅಳತೆಗೆ ಅವರವೇ ನಮ್ಮ ಮನೆಯಲ್ಲಿದ್ದವಲ್ಲ.